ಕಾಫಾ ಮುತ್ತಿಗೆಯೂ ಮಹಾಮಾರಿಯ ಪ್ರಸಾರವೂ

ಕ್ರಿ. ಶ. 1347ರಿಂದ 1351ರವರೆಗೆ ಯೂರೋಪನ್ನು ವ್ಯಾಪಿಸಿ, ಅಲ್ಲಿನ ಜನಸಂಖ್ಯೆಯ ಮೂರನೆಯ ಒಂದು ಪಾಲಿಗೂ ಮಿಕ್ಕು ಜನರನ್ನು ಬಲಿತೆಗೆದುಕೊಂಡಿತೆಂದು ಸಾಮಾನ್ಯವಾಗಿ ಅಂದಾಜಾಗಿರುವ ಪ್ಲೇಗು ಹಬ್ಬಿದ್ದು ಯುದ್ಧದಿಂದಲೋ ವಾಣಿಜ್ಯದಿಂದಲೋ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ಪರಾಮರ್ಶಿಸುತ್ತೇವೆ.

ಪಠ್ಯಗ್ರಂಥಗಳಲ್ಲಿ ರೂಢಿಯಾಗಿರುವ ಕಥನ ಹೀಗಿದೆ: ಕಪ್ಪು ಸಮುದ್ರದ ತೀರದಲ್ಲಿ, ಕ್ರಿಮಿಯಾದ ಕಾಫಾ ಪಟ್ಟಣವು ಜಿನೋವಾ ವರ್ತಕರ ವಸಾಹತಾಗಿತ್ತು. ಗೋಲ್ಡನ್ ಹೋರ್ಡ್ ಎಂಬ ಮಂಗೋಲ ರಾಜ್ಯದ ಅರಸನಾದ ಜಾನಿ ಬೇಗನು ಅದನ್ನು ಮುತ್ತಿದನು. 1346ರಲ್ಲಿ ಅವನ ಪಾಳೆಯದಲ್ಲಿ ಪ್ಲೇಗು ತಲೆದೋರಲು, ಶವಗಳನ್ನು ಕವಣೆಯಂತ್ರಗಳಿಂದ ಕೋಟೆಯೊಳಕ್ಕೆ ಎಸೆಯಿಸಿದನು. ಅಲ್ಲಿಂದ ಪಲಾಯನ ಮಾಡಿದ ನಾವಿಕರು ರೋಗವನ್ನು ಇಟಲಿಗೆ ಒಯ್ದರು.

ಶವಗಳನ್ನೆಸೆದ ಈ ವೃತ್ತಾಂತಕ್ಕೆ ಆಧಾರ ಪಿಯಾಚೆಂಜಾ ನಗರದ ನೋಟರಿ ಗೇಬ್ರಿಯೆಲೆ ದೆ ಮುಸ್ಸಿಯ ಬರೆಹವೊಂದೇ. ಆತನಾದರೋ ಮುತ್ತಿಗೆಯ ಕಾಲದಲ್ಲಿ ಕಾಫಾದಲ್ಲಿರದೆ ತನ್ನ ಊರಿನಲ್ಲಿಯೇ ಇದ್ದನೆಂದು ವಿದ್ವಾಂಸರು ತೋರಿಸಿದ್ದಾರೆ. ಕಾಲಗಣನೆಯೂ ಈ ಕಥನಕ್ಕೆ ಅನುಕೂಲವಾಗಿಲ್ಲ. ಆ ಕಾಲದಲ್ಲಿ ಪ್ಲೇಗು ತಗುಲಿದವನು ಬಹುಮಟ್ಟಿಗೆ ಕೆಲವೇ ದಿನಗಳಲ್ಲಿ ಮಡಿಯುತ್ತಿದ್ದನು. ಆದರೆ ರೋಗವು ಕಾನ್‌ಸ್ಟಾಂಟಿನೋಪಲನ್ನು ಮುಟ್ಟಿದ್ದು 1347ರಲ್ಲಿ, ಸಿಸಿಲಿಯ ಮೆಸ್ಸೀನಾವನ್ನು ಮುಟ್ಟಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ನಡುವಣ ಈ ವಿಳಂಬಕ್ಕೆ ಕಾರಣವೇನು?

ಉತ್ತರವು ಧಾನ್ಯವ್ಯಾಪಾರದಲ್ಲಿದೆ. 1343ರಲ್ಲಿ ತಾನಾ ಎಂಬ ಪೇಟೆಯಲ್ಲಿ ವೆನಿಸಿನವನೊಬ್ಬನು ಸ್ಥಳೀಯನೊಬ್ಬನನ್ನು ಕೊಂದುದರಿಂದ ಉಂಟಾದ ಕಲಹದಲ್ಲಿ ಇಟಲಿಯ ವರ್ತಕರು ಅಲ್ಲಿಂದ ಹೊರದೂಡಲ್ಪಟ್ಟರು. ಮುಂದೆ ವೆನಿಸು ಮತ್ತು ಜಿನೋವಾಗಳೂ ಖಾನನ ರಾಜ್ಯದೊಡನೆ ವ್ಯಾಪಾರವನ್ನು ನಿಷೇಧಿಸಿದುವು. ಹೀಗೆ ಯುದ್ಧವು ರೋಗದ ಹಾದಿಯನ್ನು ತೆರೆಯಲಿಲ್ಲ, ಮುಚ್ಚಿತು. 1347ರಲ್ಲಿ ವೆನಿಸು ಖಾನನೊಡನೆ ಸಂಧಿ ಮಾಡಿಕೊಂಡಿತು. ಕ್ಷಾಮಪೀಡಿತವಾಗಿದ್ದ ಇಟಲಿಗೆ ಧಾನ್ಯದ ಹಡಗುಗಳು ಮತ್ತೆ ಹೊರಟುವು. ಅವುಗಳೊಡನೆ ಇಲಿಗಳೂ, ಅವುಗಳ ಮೈಮೇಲಿನ ಚಿಗಟಗಳೂ ಹೊರಟುವೆಂದು ಇತ್ತೀಚಿನ ಸಂಶೋಧಕರು ಊಹಿಸುತ್ತಾರೆ. ಚಿಗಟವೇ ರೋಗವಾಹಕವೆಂಬುದನ್ನು 1898ರಲ್ಲಿ ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದನು. 1348ರ ಆದಿಭಾಗದ ವೇಳೆಗೆ ಮಾರ್ಸೇಯ್, ಜಿನೋವಾ, ವೆನಿಸು ಎಂಬ ಬಂದರುಗಳೆಲ್ಲವೂ ರೋಗಕ್ಕೆ ತುತ್ತಾಗಿದ್ದುವು.

ಆದರೂ ಯುದ್ಧವನ್ನು ನಾವು ಸಂಪೂರ್ಣವಾಗಿ ಕೈಬಿಡುವಂತಿಲ್ಲ. ಇಂದಿನ ಕಿರ್ಗಿಸ್ತಾನದ ಇಸಿಕ್-ಕುಲ್ ಸರೋವರದ ಬಳಿ 1338-39ರ ಗೋರಿಗಳಲ್ಲಿ ದೊರೆತ ಹಲ್ಲುಗಳಿಂದ ಪ್ಲೇಗಿನ ಸೂಕ್ಷ್ಮಜೀವಿಯ ವಂಶವಾಹಿಯನ್ನು 2022ರಲ್ಲಿ ಗುರುತಿಸಲಾಯಿತು. ಅಲ್ಲಿಂದ ಕಪ್ಪು ಸಮುದ್ರದವರೆಗಿನ ದಾರಿಯಲ್ಲಿ ಸಾರ್ಥವಾಹರಂತೆ ಸೈನ್ಯಗಳೂ ಸಂಚರಿಸುತ್ತಿದ್ದುವು.

ಈ ವಿವೇಚನೆಯು ಕೇವಲ ಕಾಲನಿರ್ಣಯದ ವಿಷಯವಲ್ಲ. ಶತ್ರುವು ರೋಗವನ್ನು ಎಸೆದನೆಂಬ ಕಥೆ ಮನಸ್ಸಿಗೆ ಒಪ್ಪಿಗೆಯಾಗುತ್ತದೆ. ನಾವು ಕೊಂಡ ಧಾನ್ಯವೇ ಅದನ್ನು ತಂದಿತೆಂಬುದು ಒಪ್ಪಿಗೆಯಾಗುವುದಿಲ್ಲ. ಇದೇ ಮನೋಧರ್ಮವು ಯೆಹೂದ್ಯರು ಬಾವಿಗಳಿಗೆ ವಿಷವಿಕ್ಕಿದರೆಂಬ ಮಿಥ್ಯಾರೋಪಕ್ಕೆ ಎಡೆಗೊಟ್ಟಿತು; 1349ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಅವರನ್ನು ಸುಟ್ಟರು. ಇದಕ್ಕೆ ಪ್ರತಿಯಾಗಿ 1377ರಲ್ಲಿ ರಗುಸಾ ನಗರವು ಸೋಂಕಿನ ಪ್ರದೇಶಗಳಿಂದ ಬಂದವರು ಯಾರೇ ಆಗಲಿ 30 ದಿನ ಹೊರಗಿರಬೇಕೆಂದು ವಿಧಿಸಿತು. ವ್ಯಾಪಾರದಿಂದ ಬದುಕುತ್ತಿದ್ದ ಆ ನಗರವು ಅಪರಾಧಿಯನ್ನು ಹುಡುಕದೆ ಹಾದಿಯನ್ನು ಗಮನಿಸಿತು. ಒಂದೇ ಸಾಕ್ಷ್ಯವನ್ನು ಅವಲಂಬಿಸಿದ ಕಥನವನ್ನು ಪರೀಕ್ಷಿಸುವಾಗ ಇತಿಹಾಸದ ವಿದ್ಯಾರ್ಥಿಯು ಅನುಸರಿಸಬೇಕಾದ ಕ್ರಮವೂ ಇದೇ ಎಂದು ನಾವು ಭಾವಿಸುತ್ತೇವೆ.