2011ರ ಸುಂಟರಗಾಳಿಗಳು ಮತ್ತು ಬಿರುಗಾಳಿಗಳು

ಸುಂಟರಗಾಳಿಗಳ ಚರಿತ್ರೆಯಲ್ಲಿ 2011 ಅತ್ಯಂತ ದಾರುಣ ವರ್ಷಗಳಲ್ಲೊಂದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಆ ವರ್ಷ ಸುಮಾರು 1,700 ಸುಂಟರಗಾಳಿಗಳು ನೆಲಕ್ಕಿಳಿದವು. 553 ಜನ ಸತ್ತರು. ಹಿಂದಿನ ವರ್ಷ ಸತ್ತವರು 45 ಮಂದಿ. 1930ರ ದಶಕದಿಂದೀಚೆಗೆ ಆ ದೇಶ ಒಂದೇ ವರ್ಷದಲ್ಲಿ ಇಷ್ಟು ಜನರನ್ನು ಸುಂಟರಗಾಳಿಗೆ ಕಳೆದುಕೊಂಡಿರಲಿಲ್ಲ. 2011ರಲ್ಲಿ ಡಾಪ್ಲರ್ ರೇಡಾರ್ ಇತ್ತು, ಉಪಗ್ರಹಗಳಿದ್ದವು, ಊರೂರಿಗೆ ಸೈರನ್ ಇತ್ತು. ದೊಡ್ಡ ದುರಂತಗಳ ಮುನ್ಸೂಚನೆಯೂ ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ಆದರೂ ಜನ ಸತ್ತರು. ಈ ವರ್ಷವನ್ನು ಹವಾಮಾನ ವಿಜ್ಞಾನಿಗಳು ಇಂದಿಗೂ ಬಿಡದೆ ಅಭ್ಯಾಸ ಮಾಡುತ್ತಿರುವುದು ಇದೇ ಕಾರಣಕ್ಕೆ.

ಹಿನ್ನೆಲೆ

ಸುಂಟರಗಾಳಿ ಸಮುದ್ರದ ಮೇಲೆ ಹುಟ್ಟಿ ದಿನಗಟ್ಟಲೆ ಸಾಗುವ ಚಂಡಮಾರುತವಲ್ಲ. ಗುಡುಗುಮೋಡದ ಬುಡದಿಂದ ನೆಲದವರೆಗೆ ಇಳಿಯುವ, ಸಾಮಾನ್ಯವಾಗಿ ಕೆಲವೇ ನಿಮಿಷ ಬಾಳುವ ಗಾಳಿಯ ಸುಳಿ ಅದು. ಮೆಕ್ಸಿಕೊ ಕೊಲ್ಲಿಯ ಬೆಚ್ಚಗಿನ ತೇವಗಾಳಿ ನೆಲಕ್ಕೆ ಹತ್ತಿರದಲ್ಲಿ ಉತ್ತರಕ್ಕೆ ಹರಿದು, ಪಶ್ಚಿಮದ ಒಣ ತಂಪುಗಾಳಿ ಅದರ ಮೇಲೆ ಹಾಯ್ದಾಗ ಮೋಡಗಳು ಬಹಳ ಎತ್ತರಕ್ಕೆ ಬೆಳೆಯುತ್ತವೆ. ಎತ್ತರ ಹೆಚ್ಚಿದಂತೆ ಗಾಳಿಯ ದಿಕ್ಕು ಮತ್ತು ವೇಗ ಬದಲಾದರೆ ಮೋಡವೇ ಸುತ್ತತೊಡಗುತ್ತದೆ. ಇಂಥ ಸುತ್ತುವ ಮೋಡಕ್ಕೆ ಸೂಪರ್‌ಸೆಲ್ ಎಂದು ಹೆಸರು. ಪ್ರಬಲ ಸುಂಟರಗಾಳಿಗಳು ಬಹುಪಾಲು ಇದರಿಂದಲೇ ಹುಟ್ಟುತ್ತವೆ.

2010–11ರ ಚಳಿಗಾಲದಲ್ಲಿ ಶಾಂತಸಾಗರದ ಮೇಲೆ ಪ್ರಬಲ ಲಾ ನಿನಾ ಸ್ಥಿತಿ, ಅಂದರೆ ಸಮಭಾಜಕದ ಬಳಿಯ ನೀರು ವಾಡಿಕೆಗಿಂತ ತಂಪಾಗುವ ಸ್ಥಿತಿ, ಇತ್ತು. ಏಪ್ರಿಲ್‌ನಲ್ಲಿ ಬಹು ಎತ್ತರದಲ್ಲಿ ವೇಗವಾಗಿ ಬೀಸುವ ಜೆಟ್ ವಾಯುಪ್ರವಾಹ ಅಮೆರಿಕದ ಮಧ್ಯ ಹಾಗೂ ಆಗ್ನೇಯ ರಾಜ್ಯಗಳ ಮೇಲೆ ಮತ್ತೆ ಮತ್ತೆ ರಭಸದಿಂದ ಹಾಯಿತು. ಭೂಮಿಯ ತಾಪಮಾನ ಏರುತ್ತಿರುವುದಕ್ಕೂ ಆ ವರ್ಷದ ಸುಂಟರಗಾಳಿಗಳಿಗೂ ನೇರ ನಂಟು ಹೇಳಲು ಆಗ ನಡೆದ ಅಧ್ಯಯನಗಳು ಒಪ್ಪಲಿಲ್ಲ.

ಸುಂಟರಗಾಳಿಯ ಬಲವನ್ನು ಅದು ಮಾಡಿದ ಹಾನಿಯಿಂದ ಅಂದಾಜಿಸುವ ಪದ್ಧತಿಯನ್ನು 1971ರಲ್ಲಿ ರೂಪಿಸಿದವರು ಜಪಾನ್ ಮೂಲದ ವಿಜ್ಞಾನಿ ಟೆಟ್ಸುಯ ಫುಜಿತ. 2007ರಲ್ಲಿ ಪರಿಷ್ಕರಿಸಿದ ಇಎಫ್ ಮಾಪಕದ ತುತ್ತತುದಿ ಇಎಫ್5, ಅಂದರೆ ಗಂಟೆಗೆ 320 ಕಿ.ಮೀ.ಗೂ ಮಿಕ್ಕಿದ ಗಾಳಿ. ಎಷ್ಟೋ ವರ್ಷಗಳಲ್ಲಿ ಇಂಥದು ಒಂದೂ ಇರುವುದಿಲ್ಲ. 2011ರಲ್ಲಿ ಆರು ದಾಖಲಾದವು.

ಏಪ್ರಿಲ್

ಆ ಒಂದೇ ತಿಂಗಳಲ್ಲಿ 750ಕ್ಕೂ ಹೆಚ್ಚು ಸುಂಟರಗಾಳಿಗಳು ಎದ್ದವು. ಅಮೆರಿಕದಲ್ಲಿ ಯಾವ ತಿಂಗಳಲ್ಲೂ ಅಷ್ಟು ಕಂಡಿರಲಿಲ್ಲ. 14ರಿಂದ 16ರವರೆಗಿನ ದೊಡ್ಡ ಸರಣಿ ಉತ್ತರ ಕೆರೊಲಿನಾದಲ್ಲಿ 24 ಜನರನ್ನು ಕೊಂದಿತು. 22ರಂದು, ಗುಡ್ ಫ್ರೈಡೇ ಸಂಜೆ, ಸೇಂಟ್ ಲೂಯಿಸ್ ವಿಮಾನ ನಿಲ್ದಾಣದ ಕಟ್ಟಡವೂ ಸುತ್ತಲಿನ ಬಡಾವಣೆಗಳ ಮನೆಗಳೂ ಛಿದ್ರವಾದವು. ಅಲ್ಲಿ ಒಂದು ಜೀವವೂ ಹೋಗಲಿಲ್ಲ.

25ರಿಂದ 28ರ ನಡುವಿನ ಸರಣಿಗೆ ಇಂದು ಮಹಾಸ್ಫೋಟ ಎಂಬ ಅರ್ಥದ ಸೂಪರ್ ಔಟ್‌ಬ್ರೇಕ್ ಎಂಬ ಹೆಸರಿದೆ. ಆ ದಿನಗಳಲ್ಲಿ 350ಕ್ಕೂ ಹೆಚ್ಚು ಸುಂಟರಗಾಳಿಗಳು ಬೀಸಿ 300ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೂ ಮೊದಲು ಈ ಹೆಸರು ಸಂದಿದ್ದು 1974ರ ಏಪ್ರಿಲ್ 3–4ರ 148 ಸುಂಟರಗಾಳಿಗಳಿಗೆ. 2011ರ ಏಪ್ರಿಲ್ 27ರ ಒಂದೇ ದಿನ ಆ ಸಂಖ್ಯೆಯನ್ನು ಮೀರಿತು.

27ರ ದುರಂತ ಅರ್ಥವಾಗಬೇಕಾದರೆ ಅಂದಿನ ಬೆಳಗನ್ನು ನೋಡಬೇಕು. ಬೆಳಗಿನ ಜಾವವೇ ಅಲಬಾಮಾವನ್ನು ಬಿರುಗಾಳಿಗಳ ಸಾಲೊಂದು ಹಾಯ್ದು ಹೋಗಿ, ವಿದ್ಯುತ್ ತಂತಿಗಳನ್ನು ಕೆಡವಿ, ಹವಾಮಾನ ರೇಡಿಯೊ ಪ್ರಸಾರವನ್ನು ಹಲವೆಡೆ ನಿಲ್ಲಿಸಿತ್ತು. ಮಧ್ಯಾಹ್ನ ನಿಜವಾದ ಗಂಡಾಂತರ ಬಂದಾಗ ಎಷ್ಟೋ ಮನೆಗಳಲ್ಲಿ ಟಿ.ವಿ. ನಡೆಯುತ್ತಿರಲಿಲ್ಲ, ಎಷ್ಟೋ ಊರುಗಳಲ್ಲಿ ಸೈರನ್ ಕೂಗಲಿಲ್ಲ. ಅಂದು ಸುಂಟರಗಾಳಿ ಬರುವುದಕ್ಕೆ ಸರಾಸರಿ 20 ನಿಮಿಷಕ್ಕೂ ಮೊದಲೇ ಎಚ್ಚರಿಕೆ ಹೊರಟಿತ್ತು. ಹೊರಟ ಎಚ್ಚರಿಕೆ ಎಲ್ಲರ ಕಿವಿಗೂ ತಲುಪಲಿಲ್ಲ.

ಅಂದು ಎದ್ದ ನಾಲ್ಕು ಇಎಫ್5ಗಳಲ್ಲಿ ಅತಿ ಹೆಚ್ಚು ಜನರನ್ನು ಕೊಂದದ್ದು ಅಲಬಾಮಾದ ಹ್ಯಾಕಲ್‌ಬರ್ಗ್–ಫಿಲ್ ಕ್ಯಾಂಪ್‌ಬೆಲ್ ಊರುಗಳ ಮೇಲೆ ಹಾಯ್ದದ್ದು. 200 ಕಿ.ಮೀ.ಗೂ ಉದ್ದದ ಜಾಡು ಉಳಿಸಿ 72 ಜನರನ್ನು ಅದು ಬಲಿ ತೆಗೆದುಕೊಂಡಿತು. ಹ್ಯಾಕಲ್‌ಬರ್ಗ್‌ನ ಜನರಿಗೆ ಕೆಲಸ ಕೊಟ್ಟಿದ್ದ ಜೀನ್ಸ್ ಬಟ್ಟೆಯ ದೊಡ್ಡ ಉಗ್ರಾಣ ನೆಲಸಮವಾಯಿತು. ಗಾಳಿ ಹೊತ್ತೊಯ್ದ ಫೋಟೊ, ಕಾಗದಪತ್ರಗಳನ್ನು ಒಡೆಯರಿಗೆ ಮರಳಿಸಲು ಒಬ್ಬ ಮಹಿಳೆ ಫೇಸ್‌ಬುಕ್ ಪುಟ ತೆರೆದರು. ಆ ಪುಟದ ಮಾಹಿತಿಯನ್ನೇ ಆಧರಿಸಿ ಜಾರ್ಜಿಯಾ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ, ಫಿಲ್ ಕ್ಯಾಂಪ್‌ಬೆಲ್‌ನ ಒಂದು ಫೋಟೊ ಸುಮಾರು 350 ಕಿ.ಮೀ. ದೂರದ ಟೆನೆಸಿಯಲ್ಲಿ ಬಿದ್ದಿದ್ದು ಪತ್ತೆಯಾಯಿತು. ಮಿಸಿಸಿಪಿಯ ಫಿಲಡೆಲ್ಫಿಯಾ ಬಳಿ ಇನ್ನೊಂದು ಇಎಫ್5 ಹುಲ್ಲಿನೊಂದಿಗೆ ಮಣ್ಣನ್ನೂ ಸುಮಾರು ಎರಡು ಅಡಿ ಆಳಕ್ಕೆ ಕಿತ್ತೆಸೆದಿತ್ತು. ಇಎಫ್4 ದರ್ಜೆಯದೊಂದು ಅಲಬಾಮಾದ ಟಸ್ಕಲೂಸ ಮತ್ತು ಬರ್ಮಿಂಗ್‌ಹ್ಯಾಮ್ ನಗರಗಳ ವಸತಿಗಳನ್ನು ತುಳಿದು 64 ಜನರನ್ನು ಕೊಂದಿತು.

ಅದೇ ದಿನ ಅಲಬಾಮಾದ ಬ್ರೌನ್ಸ್ ಫೆರಿ ಅಣು ವಿದ್ಯುತ್ ಸ್ಥಾವರಕ್ಕೆ ಹೊರಗಿನ ವಿದ್ಯುತ್ ಸಂಪರ್ಕ ಕಡಿದು ಮೂರೂ ರಿಯಾಕ್ಟರ್‌ಗಳು ತಾವಾಗಿ ನಿಂತವು. ಫುಕುಶಿಮಾ ಅವಘಡವಾಗಿ ಇನ್ನೂ ಏಳು ವಾರವೂ ಕಳೆದಿರಲಿಲ್ಲ. ಇಲ್ಲಿ ಡೀಸೆಲ್ ಜನರೇಟರ್‌ಗಳು ಕೈ ಕೊಡಲಿಲ್ಲ.

ಜಾಪ್ಲಿನ್, ಮೇ 22

ಮಿಸೌರಿ ರಾಜ್ಯದ ಜಾಪ್ಲಿನ್ ಸುಮಾರು 50 ಸಾವಿರ ಜನರ ಊರು. ಆ ಭಾನುವಾರ ಪ್ರೌಢಶಾಲೆಯ ವಿದ್ಯಾರ್ಥಿಗಳ ಪದವಿ ಪ್ರದಾನ ಸಮಾರಂಭವಿತ್ತು. ಸಂಜೆ 5:11ಕ್ಕೆ ಸೈರನ್ ಒಮ್ಮೆ ಕೂಗಿತು. 5:17ಕ್ಕೆ ಊರಿಗೆ ಸುಂಟರಗಾಳಿ ಎಚ್ಚರಿಕೆ ಹೊರಟಿತು. 5:34ಕ್ಕೆ ಸುಂಟರಗಾಳಿ ನೆಲ ಮುಟ್ಟಿತು. ಎರಡನೇ ಸೈರನ್ ಕೂಗಿದ್ದು 5:38ಕ್ಕೆ. ಬಳಿಕದ ನಿಮಿಷಗಳಲ್ಲಿ ಒಂದೂವರೆ ಕಿ.ಮೀ. ಅಗಲದ ಗಾಳಿ ಊರಿನ ನಡುವೆಯೇ ಹಾದುಹೋಗಿ 158 ಜನರನ್ನು ಕೊಂದಿತು. ಅಮೆರಿಕದಲ್ಲಿ ಒಂದೇ ಸುಂಟರಗಾಳಿಗೆ ಇಷ್ಟು ಸಾವಾದದ್ದು 1947ರ ನಂತರ ಇದೇ ಮೊದಲು.

ಸಮಯವಿತ್ತು, ಜನ ಅಡಗಲಿಲ್ಲ ಏಕೆ? ಬದುಕುಳಿದವರನ್ನು ಮಾತಾಡಿಸಿದ ಹವಾಮಾನ ಸೇವೆಯ ತಂಡಕ್ಕೆ ಸಿಕ್ಕ ಉತ್ತರ ಮನಕಲಕುವಂಥದು. ಪ್ರತಿ ವಸಂತದಲ್ಲೂ ಸೈರನ್ ಕೂಗುತ್ತಿತ್ತು, ಪ್ರತಿ ಸಲವೂ ಗಾಳಿ ಬೇರೆಡೆಗೆ ಹೋಗುತ್ತಿತ್ತು. ಹೀಗಾಗಿ ಮೊದಲ ಸೈರನ್ ಕೇಳಿದ ಬಹುಪಾಲು ಜನ ಬಾಗಿಲಿಗೆ ಬಂದು ಆಕಾಶ ನೋಡಿದರು, ಟಿ.ವಿ. ಹಾಕಿದರು, ನೆಂಟರಿಗೆ ಫೋನ್ ಮಾಡಿದರು. ಸುಂಟರಗಾಳಿ ಮಳೆಯ ಪರದೆಯ ಹಿಂದೆ ಅಡಗಿದ್ದರಿಂದ ನೋಡಿದವರಿಗೂ ಕಾಣಲಿಲ್ಲ. ಇದನ್ನು ಜನರ ಉಡಾಫೆ ಎನ್ನುವುದು ಅನ್ಯಾಯ. ಒಂದೇ ದನಿಯಲ್ಲಿ ಕೂಗುವ ಸೈರನ್‌ಗೆ ಸಣ್ಣ ಅಪಾಯ, ದೊಡ್ಡ ಅಪಾಯ ಎಂಬ ವ್ಯತ್ಯಾಸ ಹೇಳಲು ಬರುತ್ತಿರಲಿಲ್ಲ.

ಸೇಂಟ್ ಜಾನ್ಸ್ ಆಸ್ಪತ್ರೆಯ ಕಿಟಕಿಗಳು ಒಡೆದು, ವಿದ್ಯುತ್ತಿನ ಜೊತೆ ಜನರೇಟರ್‌ಗಳೂ ನಿಂತವು; ಕೃತಕ ಉಸಿರಾಟದ ಮೇಲಿದ್ದ ರೋಗಿಗಳು ಸತ್ತರು. ಗಾಯಗಳಿಗೆ ಮಣ್ಣು ಹೊಕ್ಕಿದ್ದರಿಂದ 13 ಮಂದಿಗೆ ಮ್ಯೂಕೊರ್‌ಮೈಕೋಸಿಸ್ ತಗಲಿ ಐವರು ತೀರಿಕೊಂಡರು. ಕೋವಿಡ್ ಎರಡನೇ ಅಲೆಯಲ್ಲಿ ಕರ್ನಾಟಕದ ಆಸ್ಪತ್ರೆಗಳೂ ಎದುರಿಸಿದ ಕಪ್ಪು ಶಿಲೀಂಧ್ರದ ಬಗೆಯ ಸೋಂಕು ಇದು.

ಎರಡು ದಿನಗಳ ನಂತರ ಓಕ್ಲಹೋಮಾದ ಎಲ್ ರೀನೊ ಬಳಿ ವರ್ಷದ ಕೊನೆಯ ಇಎಫ್5 ಒಂಬತ್ತು ಜನರನ್ನು ಕೊಂದಿತು. ಜೂನ್ 1ರಂದು, ಸುಂಟರಗಾಳಿ ಅಪರೂಪವಾದ ಮ್ಯಾಸಚೂಸೆಟ್ಸ್‌ನಲ್ಲಿ ಮೂವರು ಸತ್ತರು.

ಉಳಿದ ದೇಶಗಳಲ್ಲಿ

ಮೇ 3ರಂದು ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ, ಆಗಸ್ಟ್ 21ರಂದು ಕೆನಡಾದ ಗೊಡೆರಿಚ್‌ನಲ್ಲಿ ಸುಂಟರಗಾಳಿಗೆ ಒಬ್ಬೊಬ್ಬರು ಬಲಿಯಾದರು. ಆಗಸ್ಟ್ 18ರಂದು ಬೆಲ್ಜಿಯಮ್‌ನ ಪುಕಲ್‌ಪಾಪ್ ಸಂಗೀತೋತ್ಸವದ ಮೇಲೆರಗಿದ ಬಿರುಗಾಳಿ ಡೇರೆಗಳನ್ನೂ ಮರಗಳನ್ನೂ ಉರುಳಿಸಿ ಐವರನ್ನು ಕೊಂದಿತು. ಐದು ದಿನ ಮೊದಲಷ್ಟೇ ಅಮೆರಿಕದ ಇಂಡಿಯಾನಾ ರಾಜ್ಯ ಮೇಳದಲ್ಲಿ ಗಾಳಿಗೆ ಸಂಗೀತ ವೇದಿಕೆ ಕುಸಿದು ಏಳು ಜನ ಸತ್ತಿದ್ದರು. ಬಯಲಿನಲ್ಲಿ ಸೇರುವ ಸಾವಿರಾರು ಜನರನ್ನು ಯಾವಾಗ ಎಬ್ಬಿಸಿ ಕಳಿಸಬೇಕು ಎಂಬ ಪ್ರಶ್ನೆಯನ್ನು ಈ ಎರಡು ಘಟನೆಗಳು ಮುಂದಿಟ್ಟವು.

ಚಂಡಮಾರುತಗಳ ಪೈಕಿ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ಕರಾವಳಿಗೆ ಬಡಿದ ಯಾಸಿ ಬಹಳ ಪ್ರಬಲವಾಗಿತ್ತು. ಜನರನ್ನು ಮೊದಲೇ ತೆರವು ಮಾಡಿದ್ದರಿಂದ ಸಾವು ತೀರ ಕಡಿಮೆ. ಡಿಸೆಂಬರ್‌ನ ವಾಶಿ ಬಲದಲ್ಲಿ ಅದಕ್ಕಿಂತ ಎಷ್ಟೋ ಚಿಕ್ಕದು. ಆದರೆ ಫಿಲಿಪ್ಪೀನ್ಸ್‌ನ ಮಿಂಡನಾವೊದಲ್ಲಿ ರಾತ್ರೋರಾತ್ರಿ ನದಿಗಳು ಉಕ್ಕಿ 1,200ಕ್ಕೂ ಹೆಚ್ಚು ಜನ ಸತ್ತರು. ಡಿಸೆಂಬರ್ 30ರಂದು ಥಾನೆ ಚಂಡಮಾರುತ ಪುದುಚೇರಿ–ಕಡಲೂರು ತೀರವನ್ನು ಹಾಯ್ದು 40ಕ್ಕೂ ಹೆಚ್ಚು ಜೀವ ತೆಗೆದುಕೊಂಡಿತು.

ನಂತರ

2012ರ ವಸಂತದಲ್ಲಿ ಕ್ಯಾನ್ಸಸ್ ಮತ್ತು ಮಿಸೌರಿಯ ಹವಾಮಾನ ಕಚೇರಿಗಳು ಎಚ್ಚರಿಕೆಯ ಭಾಷೆಯನ್ನೇ ಬದಲಿಸಿದವು. ಗಾಳಿ ಬರುತ್ತಿದೆ ಎನ್ನುವುದರ ಜೊತೆಗೆ ಅದು ಮನೆಗೆ, ವಾಹನಕ್ಕೆ, ಮೈಗೆ ಏನು ಮಾಡಬಲ್ಲದು ಎಂದೂ ಹೇಳತೊಡಗಿದವು. ಅದೇ ವರ್ಷ ಅಪಾಯದ ಪ್ರದೇಶದಲ್ಲಿರುವವರ ಮೊಬೈಲ್‌ಗೇ ಸಂದೇಶ ತಲುಪಿಸುವ ವ್ಯವಸ್ಥೆ ಆರಂಭವಾಯಿತು. 2018ರಲ್ಲಿ ಅಮೆರಿಕದಲ್ಲಿ ಸುಂಟರಗಾಳಿಗೆ ಸತ್ತವರು 10 ಮಂದಿ. ಆ ವರ್ಷ ಅತಿ ಪ್ರಬಲ ಸುಂಟರಗಾಳಿಗಳು ಬರಲಿಲ್ಲ ಎಂಬುದನ್ನೂ ಇದರ ಜೊತೆಗೇ ಓದಿಕೊಳ್ಳಬೇಕು.

ಕಟ್ಟಡಗಳ ವಿಷಯದಲ್ಲಿ ಬದಲಾವಣೆ ನಿಧಾನ. ಜಾಪ್ಲಿನ್‌ನ ಹೊಸ ಆಸ್ಪತ್ರೆ 2015ರಲ್ಲಿ ಗಟ್ಟಿ ಕಿಟಕಿಗಳೊಂದಿಗೆ ತೆರೆಯಿತು. ಜಾಪ್ಲಿನ್ ದುರಂತದ ತನಿಖೆಯ ಫಲವಾಗಿ ಸುಂಟರಗಾಳಿಯ ಹೊಡೆತವನ್ನು ಲೆಕ್ಕಕ್ಕೆ ಹಿಡಿದ ಮೊದಲ ರಾಷ್ಟ್ರೀಯ ಕಟ್ಟಡ ಮಾನದಂಡ ಅಮೆರಿಕದಲ್ಲಿ ಪ್ರಕಟವಾಗಲು 2021ರ ಕೊನೆಯವರೆಗೆ ಕಾಯಬೇಕಾಯಿತು. ಅದು ಆಸ್ಪತ್ರೆ, ಶಾಲೆಗಳಂಥ ಮುಖ್ಯ ಕಟ್ಟಡಗಳಿಗೆ ಅನ್ವಯಿಸುತ್ತದೆ. ಸಾಮಾನ್ಯ ವಾಸದ ಮನೆಗಳು ಅದರ ವ್ಯಾಪ್ತಿಯಲ್ಲಿಲ್ಲ.