ನರಗುಂದದಿಂದ ಗಜೇಂದ್ರಗಡಕ್ಕೆ: ಎರೆಬಯಲಿನ ಸೈಕಲ್ ದಾರಿ

ಗದಗ ಜಿಲ್ಲೆಯ ಉತ್ತರ ಭಾಗದಲ್ಲಿ ನರಗುಂದ, ರೋಣ, ಗಜೇಂದ್ರಗಡ ಎಂಬ ಮೂರು ಊರುಗಳು ಪಶ್ಚಿಮದಿಂದ ಪೂರ್ವಕ್ಕೆ ಬಹುತೇಕ ಒಂದೇ ಅಕ್ಷಾಂಶದ ಮೇಲಿವೆ. ಮೊದಲನೆಯದು ಮತ್ತು ಕೊನೆಯದು ಕೋಟೆ ಹೊತ್ತ ಗುಡ್ಡಗಳ ಬುಡದಲ್ಲಿರುವ ಊರುಗಳು. ನಡುವಿನ ರೋಣ ಕಪ್ಪು ಎರೆಭೂಮಿಯ ಬಯಲಿನಲ್ಲಿದೆ. ನರಗುಂದದಿಂದ ರೋಣಕ್ಕೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ಗಜೇಂದ್ರಗಡಕ್ಕೆ ಮತ್ತೆ 30ರ ಆಸುಪಾಸು. ಸಾಧಾರಣ ಅಭ್ಯಾಸವಿರುವ ಸೈಕಲ್ ಸವಾರನಿಗೆ ಇದು ಒಂದು ದಿನದ ದಾರಿ. ನೋಡುತ್ತಾ ಹೋಗುವವನಿಗೆ ಎರಡು ದಿನ ಬೇಕು.

ಈ ದಾರಿಗೆ ಮತ್ತೊಂದು ಅಳತೆಯೂ ಉಂಟು. ನರಗುಂದದ ಸಂಸ್ಥಾನಿಕ ಭಾವೆ ಮನೆತನ ಮತ್ತು ಟಿಪ್ಪು ಸುಲ್ತಾನನ ನಡುವೆ ಕಪ್ಪಕಾಣಿಕೆಯ ವಿಷಯದಲ್ಲಿ ಎದ್ದ ಜಗಳ 1785ರಲ್ಲಿ ಮುತ್ತಿಗೆಗೆ ತಿರುಗಿತು. ಕೋಟೆ ಮೈಸೂರಿನ ಕೈ ಸೇರಿತು. ಅದರ ಬೆನ್ನಿಗೆ ಮರಾಠರು ಮತ್ತು ಹೈದರಾಬಾದಿನ ನಿಜಾಮ ಒಂದಾಗಿ ಯುದ್ಧಕ್ಕಿಳಿದರು. ಆ ಯುದ್ಧ ಮುಗಿದದ್ದು 1787ರಲ್ಲಿ, ಗಜೇಂದ್ರಗಡದ ಒಪ್ಪಂದದಿಂದ. ನರಗುಂದ, ಬಾದಾಮಿ, ಕಿತ್ತೂರುಗಳು ಮರಾಠರ ಪಾಲಿಗೆ ಹೋದವು, ಅದವಾನಿ ನಿಜಾಮನಿಗೆ ಮರಳಿತು. ದಕ್ಷಿಣ ಭಾರತದ ದೊಡ್ಡ ಯುದ್ಧವೊಂದರ ಮೊದಲ ಊರು ಮತ್ತು ಕೊನೆಯ ಊರು ಹೀಗೆ ಸೈಕಲ್ಲಿನ ಒಂದು ಹಗಲಿನ ಅಂತರದಲ್ಲಿವೆ. ಎರಡೂ ಗುಡ್ಡಗಳನ್ನು ಹತ್ತಿ ಬಯಲನ್ನು ದಿಟ್ಟಿಸಿದವರಿಗೆ ಈ ನೆಲಕ್ಕಾಗಿ ಅಷ್ಟೊಂದು ಸೇನೆಗಳು ಏಕೆ ಬಂದವು ಎಂಬುದು ಪಠ್ಯಪುಸ್ತಕಕ್ಕಿಂತ ಬೇಗ ತಿಳಿಯುತ್ತದೆ.

ಸೈಕ್ಲಿಂಗ್ ಈ ಸೀಮೆಗೆ ಹೊಸತಲ್ಲ. ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳು ರಾಜ್ಯದ ಸೈಕ್ಲಿಂಗ್ ಪಟುಗಳ ತವರು. ವಿಜಯಪುರ ಮತ್ತು ಗದಗಗಳಲ್ಲಿ ಸರ್ಕಾರಿ ಕ್ರೀಡಾ ವಸತಿ ನಿಲಯಗಳಿದ್ದು, ರೈತಾಪಿ ಮನೆಗಳ ಮಕ್ಕಳು ಇಲ್ಲಿಂದ ರಾಷ್ಟ್ರಮಟ್ಟಕ್ಕೆ ಏರಿದ್ದಾರೆ. ಅವರ ಅಭ್ಯಾಸ ಮಾತ್ರ ನಡೆಯುವುದು ಲಾರಿ, ಬಸ್ಸುಗಳು ಓಡಾಡುವ ಸಾಮಾನ್ಯ ರಸ್ತೆಗಳಲ್ಲೇ. ಬೆಳಗಿನ ಜಾವ ಸಾಲಾಗಿ ಬಾಗಿ ತುಳಿಯುವ ಹುಡುಗ ಹುಡುಗಿಯರು ಎದುರಾದರೆ ವಾಹನ ಸವಾರರು ವೇಗ ತಗ್ಗಿಸಬೇಕೆಂದು ಹೇಳುವುದು ಅತಿಯಾಗದು.

ಗಾಳಿ, ಮಣ್ಣು ಮತ್ತು ರಾಶಿ

ಹೊರಡುವ ಮುನ್ನ ನೋಡಬೇಕಾದದ್ದು ಏರುತಗ್ಗುಗಳ ನಕ್ಷೆಯನ್ನಲ್ಲ, ಗಾಳಿಯ ದಿಕ್ಕನ್ನು. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಈ ಬಯಲಿನಲ್ಲಿ ಗಾಳಿಯನ್ನು ತಡೆಯುವ ಮರಗಳ ಸಾಲು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ. ಆಗ ನರಗುಂದದಿಂದ ಪೂರ್ವಕ್ಕೆ ಹೊರಟವರಿಗೆ ಬೆನ್ನಿಗೆ ಗಾಳಿ, ಎದುರು ದಿಕ್ಕಿನವರಿಗೆ ಇಳಿಜಾರಿನಲ್ಲೂ ತುಳಿಯಬೇಕಾದ ಪಾಡು. ಚಳಿಗಾಲದಲ್ಲಿ ಗಾಳಿ ಪೂರ್ವಕ್ಕೆ ಹೊರಳುವುದರಿಂದ ಗಜೇಂದ್ರಗಡದಿಂದ ಹೊರಡುವುದು ಲೇಸು. ಬೆಳಗಿನ ಬಿಸಿಲು ಕಣ್ಣಿಗೆ ಹೊಡೆಯುವುದೂ ತಪ್ಪುತ್ತದೆ. ಗಜೇಂದ್ರಗಡದ ಗುಡ್ಡಗಳ ನೆತ್ತಿಯ ಮೇಲೆ ಸಾಲುಗಟ್ಟಿ ನಿಂತಿರುವ ಗಾಳಿ ವಿದ್ಯುತ್ ಯಂತ್ರಗಳು ಇದಕ್ಕೆ ಸಾಕ್ಷಿ. ಕಂಪನಿಗಳು ಗಾಳಿ ಇಲ್ಲದ ಕಡೆ ಬಂಡವಾಳ ಹೂಡುವುದಿಲ್ಲ.

ಎರಡನೆಯದು ಮಣ್ಣು. ಜಿಲ್ಲೆಯ ರೈತರು ಭೂಮಿಯನ್ನು ಎರೆ ಮತ್ತು ಮಸಾರಿ ಎಂದು ಎರಡಾಗಿ ವಿಂಗಡಿಸುತ್ತಾರೆ. ನರಗುಂದದಿಂದ ರೋಣದವರೆಗೆ ಹೆಚ್ಚಿನದು ಕಪ್ಪು ಎರೆ. ಗಜೇಂದ್ರಗಡ ಹತ್ತಿರವಾದಂತೆ ಕೆಂಪು ಬಣ್ಣದ ಮಸಾರಿ ಕಾಣತೊಡಗುತ್ತದೆ. ಒಣಗಿದಾಗ ಬಾಯಿ ಬಿಡುವ ಎರೆ, ಒಂದು ಹದ ಮಳೆ ಬಿದ್ದರೆ ಅಂಟಿನಂತಾಗುತ್ತದೆ. ತೆಳು ಚಕ್ರದ ಸೈಕಲ್ಲನ್ನು ಹಸಿ ಎರೆಯ ಹೊಲದ ಹಾದಿಗೆ ಇಳಿಸಿದರೆ ಹತ್ತು ಮಾರು ದಾಟುವುದರೊಳಗೆ ಚಕ್ರ ಮತ್ತು ಬ್ರೇಕಿನ ನಡುವೆ ಮಣ್ಣು ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಅನಂತರ ಸೈಕಲ್ಲನ್ನು ಹೆಗಲ ಮೇಲೆ ಹೊರುವುದೇ ಗತಿ. ಮಳೆಗಾಲದಲ್ಲಿ ಡಾಂಬರು ಬಿಟ್ಟು ಇಳಿಯಬಾರದು. ಒಣ ದಿನಗಳಲ್ಲಿ ರಸ್ತೆಯಂಚಿನ ನೆಗ್ಗಿಲಮುಳ್ಳು ಮತ್ತು ಜಾಲಿಮುಳ್ಳಿನ ಕಾಟ. ಎರಡು ಹೆಚ್ಚುವರಿ ಟ್ಯೂಬು, ಪಂಪು ಜೊತೆಗಿರಲಿ. ಹಳ್ಳಿಯ ಪಂಕ್ಚರ್ ಅಂಗಡಿಗಳಲ್ಲಿ ಸಾದಾ ಸೈಕಲ್ಲಿನ ಸಾಮಾನು ಸಿಗುತ್ತದೆಯೇ ಹೊರತು ತೆಳು ಗಾಲಿಯ ಟ್ಯೂಬು ಸಿಗುವ ಭರವಸೆ ಇಲ್ಲ.

ಮೂರನೆಯದು ರಾಶಿ. ಕಣ ಮಾಡುವ ರೂಢಿ ಕಡಿಮೆಯಾದ ಮೇಲೆ ಡಾಂಬರು ರಸ್ತೆಯೇ ಕಣವಾಗಿದೆ. ಆಗಸ್ಟ್ ಹೊತ್ತಿಗೆ ಹೆಸರು, ಫೆಬ್ರುವರಿಯಲ್ಲಿ ಕಡಲೆ, ಬಿಳಿಜೋಳ ಕೊಯ್ಲಾದಾಗ ಬೆಳೆಯನ್ನು ರಸ್ತೆಯ ಮೇಲೆ ಹರವಿ ವಾಹನಗಳ ಗಾಲಿಗಳಿಂದಲೇ ಒಕ್ಕಲು ಮಾಡಿಸಿಕೊಳ್ಳುತ್ತಾರೆ. ಕಾರಿಗೆ ಅದು ಮೆತ್ತನೆಯ ಹಾಸು, ಸೈಕಲ್ಲಿಗೆ ಜಾರುಬಂಡೆ. ಕಾಳಿನ ಮೇಲೆ ಬ್ರೇಕ್ ಹಾಕಬಾರದು, ಹೊರಳಬಾರದು. ಇಳಿದು ಬದಿಯಿಂದ ತಳ್ಳಿಕೊಂಡು ಹೋದರೆ ರೈತನಿಗೂ ಸಂತೋಷ. ಇದು ಅಪಾಯಕಾರಿ ಪದ್ಧತಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಹಳ್ಳಿಗೊಂದು ಸಾರ್ವಜನಿಕ ಕಣವಿಲ್ಲದೆ ರೈತನೊಬ್ಬನನ್ನೇ ದೂರುವುದು ನ್ಯಾಯವೆನಿಸದು.

ನವೆಂಬರ್‌ನಿಂದ ಜನವರಿ ಕೊನೆಯವರೆಗಿನ ಕಾಲ ಪ್ರಶಸ್ತ. ಹಿಂಗಾರಿ ಜೋಳ, ಕಡಲೆ, ಕುಸುಬೆ ಹೊಲಗಳು ಆಗ ತುಂಬಿ ನಿಂತಿರುತ್ತವೆ. ಚಳಿಗಾಲದ ಕೊನೆಗೆ ಸೀತನಿ, ಸುಲಗಾಯಿಯ ಕಾಲ. ಹೊಲದವರು ಕರೆದರೆ ಬೇಡವೆನ್ನುವುದು ಕಷ್ಟ. ಮಾರ್ಚ್ ನಂತರ ಹಗಲಿನ ಸವಾರಿ ಬೇಡ. ನೆರಳು ಇಲ್ಲ, ಊರಿನಿಂದ ಊರಿಗೆ ನೀರೂ ಇಲ್ಲ.

ನರಗುಂದ

ಹುಬ್ಬಳ್ಳಿಯಿಂದ ನವಲಗುಂದ ಮಾರ್ಗವಾಗಿ ಸುಮಾರು 55 ಕಿಲೋಮೀಟರ್ ದೂರದಲ್ಲಿರುವ ನರಗುಂದವು ವಿಜಯಪುರದ ಕಡೆಗೆ ಹೋಗುವ ಹೆದ್ದಾರಿಯ ಮೇಲಿದೆ. ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತ ಗುಡ್ಡ ಬಹುದೂರದಿಂದಲೇ ಕಾಣುತ್ತದೆ. ಕೋಟೆಗೆ ಕಾಲ್ನಡಿಗೆಯಲ್ಲೇ ಹೋಗಬೇಕು. ಸೈಕಲ್ಲನ್ನು ಕೆಳಗೆ ಪರಿಚಿತ ಅಂಗಡಿಯಲ್ಲಿ ಬಿಡುವುದು ಒಳಿತು. ಪೆಡಲಿಗೆ ಕಚ್ಚುವ ವಿಶೇಷ ಬೂಟು ತೊಟ್ಟವರು ಚೀಲದಲ್ಲಿ ಒಂದು ಜೊತೆ ಚಪ್ಪಲಿ ಇಟ್ಟುಕೊಂಡಿರಬೇಕು, ಕಲ್ಲಿನ ಮೇಲೆ ಆ ಬೂಟು ನಿಲ್ಲುವುದಿಲ್ಲ. ಕೋಟೆಯಲ್ಲಿ ಈಗ ಉಳಿದಿರುವುದು ಹೆಚ್ಚಾಗಿ ಕುಸಿದ ಗೋಡೆಗಳು.

1858ರಲ್ಲಿ ಇಲ್ಲಿನ ಅರಸ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ಬ್ರಿಟಿಷರ ವಿರುದ್ಧ ಬಂಡೆದ್ದನು. ಗಂಡುಮಕ್ಕಳಿಲ್ಲದ ಅವನ ದತ್ತಕದ ಬೇಡಿಕೆಯನ್ನು ಕಂಪನಿ ಸರ್ಕಾರ ತಳ್ಳಿಹಾಕಿತ್ತು. ಮೇ 29ರ ರಾತ್ರಿ ಸುರೇಬಾನದಲ್ಲಿ ಬೀಡುಬಿಟ್ಟಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು, ಅವನ ತಲೆಯನ್ನು ನರಗುಂದಕ್ಕೆ ತರಲಾಯಿತು. ಕೆಲವೇ ದಿನಗಳಲ್ಲಿ ಬ್ರಿಟಿಷ್ ಪಡೆ ಕೋಟೆಯನ್ನು ವಶಪಡಿಸಿಕೊಂಡಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು. ಎರಡು ವಾರಗಳ ಈ ದಂಗೆ ಊರಿನ ನೆನಪಿನಲ್ಲಿ ಇನ್ನೂ ಹಸಿಯಾಗಿದೆ.

ಇದಕ್ಕಿಂತ ಹತ್ತಿರದ ನೆನಪು 1980ರದು. ನವಿಲುತೀರ್ಥದ ಅಣೆಕಟ್ಟಿನಿಂದ ಹೊರಟ ಮಲಪ್ರಭಾ ಬಲದಂಡೆ ಕಾಲುವೆ ಈ ಬಯಲಿಗೆ ಬಂದ ಮೇಲೆ ಸರ್ಕಾರ ವಿಧಿಸಿದ ಅಭಿವೃದ್ಧಿ ಕರವನ್ನು, ಹೊಲಕ್ಕೆ ಸರಿಯಾಗಿ ನೀರೇ ಬಾರದಿರುವಾಗ ಕೊಡೆವೆಂದು ರೈತರು ವಿರೋಧಿಸಿದರು. ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಹಿಂಸಾಚಾರ ನಡೆದು ಗೋಲಿಬಾರ್ ಆಯಿತು. ನರಗುಂದದಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಅವರ ಹೆಸರು ಅಂದಿನಿಂದ ರೈತ ಚಳವಳಿಯ ಭಾಗವಾಗಿದ್ದು, ಪ್ರತಿವರ್ಷ ಆ ದಿನ ಇಲ್ಲಿನ ವೀರಗಲ್ಲಿನ ಬಳಿ ರೈತರು ಸೇರುತ್ತಾರೆ. ಮಹದಾಯಿ ನೀರಿಗಾಗಿ 2015ರಲ್ಲಿ ಆರಂಭವಾದ ದೀರ್ಘ ಧರಣಿಯ ಕೇಂದ್ರವೂ ಇದೇ ಊರು. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕಳಸಾ ಬಂಡೂರಿ ನಾಲೆಗಳಿಂದ ಮಲಪ್ರಭೆಗೆ 3.9 ಟಿಎಂಸಿ ಅಡಿ ನೀರನ್ನು ಹಂಚಿತು, 2020ರ ಫೆಬ್ರುವರಿಯಲ್ಲಿ ಅಧಿಸೂಚನೆಯೂ ಹೊರಟಿತು. ಸವಾರರಿಗೆ ಇದರಿಂದ ತಿಳಿಯಬೇಕಾದ ವ್ಯಾವಹಾರಿಕ ಸಂಗತಿ ಒಂದುಂಟು: ಬಂದ್, ರಸ್ತೆತಡೆಗಳು ಇಲ್ಲಿ ಅಪರೂಪವಲ್ಲ, ಜುಲೈನಲ್ಲಿ ಬರುವವರು ಮೊದಲೇ ವಿಚಾರಿಸಬೇಕು.

ಊರಿನ ಹಳೆಯ ಓಣಿಗಳಲ್ಲಿ ತಿರುಗುವವರು ಹಗೇವುಗಳ ಕಥೆಯನ್ನು ಕೇಳಬೇಕು. ಜೋಳವನ್ನು ವರ್ಷಗಟ್ಟಲೆ ಕಾಪಿಡಲು ನೆಲದಡಿ ತೋಡಿದ್ದ ಈ ಕಣಜಗಳು ಬಳಕೆ ತಪ್ಪಿದ ಮೇಲೆ ಮನೆಗಳ ಕೆಳಗೆ, ಬೀದಿಗಳ ಕೆಳಗೆ ಮರೆತುಹೋದವು. ಅಂತರ್ಜಲ ಏರಿದಂತೆ ಅವು ಒಂದೊಂದಾಗಿ ಕುಸಿಯತೊಡಗಿ, ಈಚಿನ ವರ್ಷಗಳಲ್ಲಿ ನರಗುಂದದ ಭೂಕುಸಿತ ಮತ್ತೆ ಮತ್ತೆ ಸುದ್ದಿಯಾಗಿದೆ. ಬರಗಾಲದಿಂದ ಊರನ್ನು ಕಾಯಲು ತೋಡಿದ ಕುಳಿಗಳೇ ಇಂದು ಮನೆಯವರ ನಿದ್ದೆ ಕೆಡಿಸಿವೆ.

ಬೆಣ್ಣೆಹಳ್ಳ ದಾಟಿ ರೋಣಕ್ಕೆ

ನರಗುಂದದಿಂದ ಪೂರ್ವಕ್ಕೆ ರಸ್ತೆ ಸಮತಟ್ಟಾಗಿದೆ, ಒಮ್ಮೊಮ್ಮೆ ಬೇಸರವೆನಿಸುವಷ್ಟು. ದಾರಿಯಲ್ಲಿ ಯಾವಗಲ್ ಬಳಿ ಬೆಣ್ಣೆಹಳ್ಳವನ್ನು ದಾಟಬೇಕು. ಹೆಸರು ಸಾಧುವಾಗಿದ್ದರೂ ಹಳ್ಳ ಸಾಧುವಲ್ಲ. ಹುಬ್ಬಳ್ಳಿ ಕಡೆ ಸುರಿದ ಮಳೆ ಎರೆಭೂಮಿಯ ನೀರನ್ನೆಲ್ಲ ಸೇರಿಸಿಕೊಂಡು ಇಲ್ಲಿಗೆ ಬರುವಾಗ, ಇಲ್ಲಿ ಹನಿ ಮಳೆ ಇಲ್ಲದಿದ್ದರೂ ಪ್ರವಾಹ ಬರಬಹುದು. 2009 ಮತ್ತು 2019ರ ನೆರೆಯಲ್ಲಿ ಮಲಪ್ರಭೆ ಮತ್ತು ಬೆಣ್ಣೆಹಳ್ಳದ ದಂಡೆಯ ಹಳ್ಳಿಗಳು ಬಹಳ ನೊಂದವು. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಎಷ್ಟೇ ತೆಳುವಾಗಿ ಕಂಡರೂ ಸೈಕಲ್ ಇಳಿಸಬಾರದು.

ಬೆಳಗಿನ ಹೊತ್ತು ಈ ದಾರಿಯ ನಿಜವಾದ ಸೈಕಲ್ ಸವಾರರು ಶಾಲಾ ಮಕ್ಕಳು. ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದ ಉಚಿತ ಸೈಕಲ್ ಯೋಜನೆ, ಪ್ರೌಢಶಾಲೆ ಇಲ್ಲದ ಹಳ್ಳಿಗಳ ಎಂಟನೇ ತರಗತಿಯ ಹೆಣ್ಣುಮಕ್ಕಳನ್ನು ಪಕ್ಕದ ಊರಿಗೆ ತಲುಪಿಸಿತು. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದ ಮೇಲೆ ವಿತರಣೆ ನಿಂತಿತು. ಬೆಲೆಬಾಳುವ ಸೈಕಲ್ಲಿನಲ್ಲಿ ಹವ್ಯಾಸಕ್ಕೆ ಬಂದವರು ಅಣ್ಣನ ಹಳೆಯ ಸೈಕಲ್ಲಿನಲ್ಲಿ ಶಾಲೆಗೆ ತುಳಿಯುವ ಹುಡುಗಿಯ ಪಕ್ಕದಲ್ಲಿ ಎರಡು ಮೈಲಿ ನಿಧಾನವಾಗಿ ಹೋದರೆ, ಹಳ್ಳಿಯ ರಸ್ತೆ ಎಲ್ಲಿ ಕೆಟ್ಟಿದೆಯೆಂಬ ಖಚಿತ ವರದಿ ಸಿಗುತ್ತದೆ.

ರೋಣ ಸಂತೆ, ಕಚೇರಿಗಳ ಊರು. ದ್ರೋಣನ ಹೆಸರಿನಿಂದ ದ್ರೋಣಪುರವಾಗಿ ಅದೇ ರೋಣವಾಯಿತೆಂದು ಸ್ಥಳೀಯರು ಹೇಳುತ್ತಾರೆ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ ಸಿಗುವುದರಿಂದ ಮಧ್ಯಾಹ್ನದ ಊಟಕ್ಕೆ ಅನುಕೂಲ. ಸಮಯವಿದ್ದವರು ದಕ್ಷಿಣಕ್ಕೆ ಜಕ್ಕಲಿಯ ಕಡೆ ಹೊರಳಬಹುದು. ಅದು ಕರ್ನಾಟಕ ಏಕೀಕರಣದ ಮುಂದಾಳು ಅಂದಾನಪ್ಪ ದೊಡ್ಡಮೇಟಿ ಅವರ ಊರು.

ಸೂಡಿಯಲ್ಲಿ ಒಂದು ಗಂಟೆ

ರೋಣ ಮತ್ತು ಗಜೇಂದ್ರಗಡದ ನಡುವೆ ನೇರ ರಸ್ತೆಯನ್ನು ಬಿಟ್ಟು ಸೂಡಿ, ಇಟಗಿ ಮಾರ್ಗ ಹಿಡಿಯುವುದು ಉತ್ತಮ. ಸೂಡಿ ಇಂದು ಸಾಮಾನ್ಯ ಹಳ್ಳಿ. ಹನ್ನೊಂದನೆಯ ಶತಮಾನದಲ್ಲಿ ಇದು ಕಲ್ಯಾಣ ಚಾಲುಕ್ಯರ ಅರಸ ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿಯ ಆಡಳಿತ ಕೇಂದ್ರವಾಗಿತ್ತು. ಕಿಸುಕಾಡು ಎಪ್ಪತ್ತನ್ನು ಆಳಿದ ಈಕೆಯನ್ನು ಶಾಸನಗಳು ಗುಣದಬೆಡಂಗಿ ಎಂದು ಕರೆಯುತ್ತವೆ. ದಾನದತ್ತಿಗಳಷ್ಟೇ ಅಲ್ಲದೆ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ ಖ್ಯಾತಿಯೂ ಅವಳದು. ಇಲ್ಲಿನ ಮಲ್ಲಿಕಾರ್ಜುನ ಗುಡಿ, ಎರಡು ಶಿಖರಗಳ ಜೋಡುಕಳಸದ ಗುಡಿ, ಒಂದೇ ಕಲ್ಲಿನ ದೊಡ್ಡ ಗಣಪತಿಯನ್ನು ನೋಡಿ, ಕೊನೆಗೆ ನಾಗಕುಂಡಕ್ಕೆ ಬರಬೇಕು. ಮೆಟ್ಟಿಲುಗಳ ಈ ಪುಷ್ಕರಣಿಯ ಒಳಗೋಡೆಗಳ ಕೆತ್ತನೆ ಯಾವ ಗುಡಿಯ ಹೊರಗೋಡೆಗೂ ಕಡಿಮೆಯಿಲ್ಲ. ಬಾದಾಮಿ, ಪಟ್ಟದಕಲ್ಲಿಗೆ ಹೋಗುವ ಪ್ರವಾಸಿ ಬಸ್ಸುಗಳು ಈ ಕಡೆ ತಿರುಗುವುದೇ ಇಲ್ಲ. ಮೂರೂ ತಾಲ್ಲೂಕುಗಳಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ಕೋಟೆಗಳನ್ನು ಬಿಟ್ಟು ಸೂಡಿಯನ್ನು ಆರಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಹತ್ತಿರದ ಇಟಗಿ ಭೀಮಾಂಬಿಕೆಯ ಕ್ಷೇತ್ರ. ಮಹಾದೇವ ದೇವಾಲಯವಿರುವ ಕೊಪ್ಪಳ ಜಿಲ್ಲೆಯ ಇಟಗಿ ಬೇರೆ. ನಕ್ಷೆಯಲ್ಲಿ ಹೆಸರು ನೋಡಿ ಹೊರಟು ಮೋಸಹೋಗುವವರಿದ್ದಾರೆ.

ಗಜೇಂದ್ರಗಡ

ರೋಣ ತಾಲ್ಲೂಕಿನಿಂದ ಬೇರ್ಪಟ್ಟು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಗಜೇಂದ್ರಗಡದಲ್ಲಿ ಗುಡ್ಡ ಒಂಟಿಯಲ್ಲ, ಸಾಲು. ದಾರಿಯಲ್ಲಿ ಮೊದಲ ಬಾರಿಗೆ ಸಣ್ಣ ಗೇರಿಗೆ ಇಳಿಯಬೇಕಾಗುವುದೂ ಇಲ್ಲಿಯೇ. ಘೋರ್ಪಡೆ ಮನೆತನದ ಕೋಟೆ ಊರಿನ ನೆತ್ತಿಯ ಮೇಲಿದೆ. ಬಂಡೆಯನ್ನೇ ಗೋಡೆಯಾಗಿ ಬಳಸಿಕೊಂಡಿರುವುದರಿಂದ ಎಲ್ಲಿ ಗುಡ್ಡ ಮುಗಿದು ಎಲ್ಲಿ ಕೋಟೆ ಶುರುವಾಯಿತೆಂದು ದೂರದಿಂದ ತಿಳಿಯದು. ಮೇಲೆ ನೀರಿನ ಹೊಂಡಗಳಿವೆ. ಸಂಜೆ ಹತ್ತಿದರೆ ಪಶ್ಚಿಮಕ್ಕೆ, ಬೆಳಿಗ್ಗೆಯಿಂದ ತುಳಿದು ಬಂದ ಬಯಲೆಲ್ಲವೂ ಕಾಣುತ್ತದೆ. ಪಕ್ಕದ ಗುಡ್ಡದ ಓರೆಯಲ್ಲಿ ಕಾಲಕಾಲೇಶ್ವರ ದೇವಾಲಯವಿದ್ದು, ಕಲ್ಲಿನ ಮೆಟ್ಟಿಲೇರಿ ಹೋದರೆ ಬಂಡೆಯಿಂದ ಜಿನುಗುವ ಅಂತರಗಂಗೆ ಸಿಗುತ್ತದೆ. ದವನದ ಹುಣ್ಣಿಮೆಯ ಜಾತ್ರೆಯ ದಿನಗಳಲ್ಲಿ ರಸ್ತೆ ತುಂಬ ಜನ, ಚಕ್ಕಡಿ, ಟ್ರ್ಯಾಕ್ಟರು. ಆಗ ಸೈಕಲ್ ಸವಾರಿ ಬೇಡ.

ಊರಿನ ಓಣಿಗಳಲ್ಲಿ ಕೈಮಗ್ಗಗಳ ಸದ್ದು ಕಡಿಮೆಯಾಗಿದೆ, ನಿಂತಿಲ್ಲ. ಇಲ್ಲಿನ ಪಟ್ಟೇದ ಅಂಚಿನ ಹತ್ತಿ ಸೀರೆಗಳು, ಹೊಲಗೆಲಸದ ಹೆಂಗಸರ ಉಡುಗೆಯೆಂದು ಒಮ್ಮೆ ಮೂಲೆಗುಂಪಾಗಿದ್ದವು. ಈಚೆಗೆ ನಗರದ ಮಳಿಗೆಗಳವರು ಹುಡುಕಿಕೊಂಡು ಬರುತ್ತಿದ್ದಾರೆ.

ಮರಳುವವರಿಗೆ ಗಜೇಂದ್ರಗಡದಿಂದ ನರೇಗಲ್ ಮಾರ್ಗವಾಗಿ ಗದಗಕ್ಕೆ ಸುಮಾರು 55 ಕಿಲೋಮೀಟರ್. ತುಳಿಯಲು ಮನಸ್ಸಿಲ್ಲದಿದ್ದರೆ ಸಾರಿಗೆ ಬಸ್ಸಿನ ಮೇಲೆ ಸೈಕಲ್ ಹಾಕಿಸಲು ನಿರ್ವಾಹಕರನ್ನು ಕೇಳಬಹುದು. ಗದಗದಿಂದ ಬೆಂಗಳೂರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ. ಸೈಕಲ್ಲನ್ನು ಸಾಮಾನು ಬೋಗಿಗೆ ಕಾಯ್ದಿರಿಸಲು ಗಾಡಿ ಬರುವುದಕ್ಕೆ ಸಾಕಷ್ಟು ಮೊದಲೇ ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿರಬೇಕು. ಪೆಟ್ರೋಲ್ ವಾಹನವಲ್ಲವಾದ್ದರಿಂದ ಟ್ಯಾಂಕು ಖಾಲಿ ಮಾಡಿಸುವ ರಗಳೆಯಾದರೂ ಇಲ್ಲ.