ದೋಣಿ ಹೊಲಿಯುವವರು

2025ರ ಮೇ ತಿಂಗಳಲ್ಲಿ ಗಂಗೊಳ್ಳಿಯಿಂದ ಚೆನ್ನೈಗೆ ಬಂದಿದ್ದ ಅಪ್ಪ, ನಮ್ಮ ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನನ್ನ ಕೆಲಸ ನೋಡುತ್ತ ಕೂತಿದ್ದರು. ಕಾರು ಬೀದಿಯಲ್ಲಿತ್ತು. ಅದರ ಜಾಗದಲ್ಲಿ, ಎರಡು ಮರದ ಸ್ಟ್ಯಾಂಡುಗಳ ಮೇಲೆ, ನಾಲ್ಕು ಮಿಲಿಮೀಟರ್ ದಪ್ಪದ ಪ್ಲೈವುಡ್ಡಿನ ಹದಿನಾರು ಅಡಿ ಉದ್ದದ ಪಟ್ಟಿಗಳಿದ್ದವು. ಅವುಗಳ ಅಂಚಿನುದ್ದಕ್ಕೂ ಅರ್ಧ ಗೇಣಿಗೊಂದರಂತೆ ತೂತು ಕೊರೆದು, ತಾಮ್ರದ ತಂತಿ ತೂರಿಸಿ, ಇಕ್ಕಳದಿಂದ ತಿರುಚಿ ಬಿಗಿಯುತ್ತಿದ್ದೆ. ಅರ್ಧ ಗಂಟೆ ಸುಮ್ಮನಿದ್ದ ಅಪ್ಪ ಕೊನೆಗೆ ಕೇಳಿದರು: “ದೋಣಿ ಹೊಲಿಯುಕೆ ಅದೆಂತ ಅಂಗಿಯಾ ಮಗಾ?”

ಅವರು ಹೊಳೆಯ ಬದಿಯಲ್ಲೇ ಬೆಳೆದವರು. ಅವರು ಕಂಡ ದೋಣಿಗಳೆಲ್ಲ ಮೊಳೆ ಹೊಡೆದವು, ಇಲ್ಲವೇ ಒಂದೇ ಮರ ಕೊರೆದು ಮಾಡಿದವು, ಆಮೇಲೆ ಫೈಬರಿನವು. ನಾನು ನಕ್ಕು ಸುಮ್ಮನಾದೆ. ಆದರೆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಅನುಸರಿಸುತ್ತಿದ್ದ ವಿಧಾನ ಇಂಗ್ಲೆಂಡಿನಲ್ಲಿ ರೂಪುಗೊಂಡದ್ದು. ಎರಡನೇ ಮಹಾಯುದ್ಧದ ನಂತರ ನೀರಿಗೆ ಹೆದರದ ಅಂಟಿನ ಪ್ಲೈವುಡ್ ಮತ್ತು ಫೈಬರ್‌ಗ್ಲಾಸ್ ಸಾಮಾನ್ಯರ ಕೈಗೆಟುಕತೊಡಗಿದವು. ಕೆನ್ ಲಿಟಲ್‌ಡೈಕ್ ಎಂಬ ಕರಕುಶಲ ಶಿಕ್ಷಕರು ಪ್ಲೈವುಡ್ ಹಲಗೆಗಳನ್ನು ಮೀನು ಹಿಡಿಯುವ ದಾರದಿಂದ ಅಂಚಿಗೆ ಅಂಚು ಹೊಲಿದು, ಸಂದಿಯ ಮೇಲೆ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸಿ ಕಯಾಕ್ ಮಾಡುವ ಕ್ರಮವನ್ನು ರೂಪಿಸಿದರು. ಅದನ್ನು ಮನೆಮನೆಗೆ ಮುಟ್ಟಿಸಿದ್ದು ಒಂದು ಪತ್ರಿಕೆ. ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವುದನ್ನು ಟಿ.ವಿ.ಯಲ್ಲಿ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ ಮತ್ತು ದೋಣಿ ವಿನ್ಯಾಸಕ ಜ್ಯಾಕ್ ಹೋಲ್ಟ್ ಸೇರಿ ರೂಪಿಸಿದ, ಸುಮಾರು 11 ಅಡಿ ಉದ್ದದ ಹಾಯಿದೋಣಿಯನ್ನು ‘ಡೈಲಿ ಮಿರರ್’ 1963ರಲ್ಲಿ ಜನರ ಮುಂದಿಟ್ಟಿತು. ಹೆಸರು ಮಿರರ್, ಹಾಯಿಯ ಬಣ್ಣ ಪತ್ರಿಕೆಯ ಕೆಂಪು, ಬೆಲೆ 63 ಪೌಂಡ್ 11 ಷಿಲಿಂಗ್. ಕತ್ತರಿಸಿದ ಹಲಗೆ, ತಾಮ್ರದ ತಂತಿ, ಅಂಟು, ಕೈಪಿಡಿ ಎಲ್ಲ ಒಂದೇ ಕಟ್ಟಿನಲ್ಲಿ. ಅಲ್ಲಿಯವರೆಗೆ ಹಾಯಿದೋಣಿಯೆಂದರೆ ಉಳ್ಳವರ ಮೋಜಾಗಿತ್ತು. ಆಮೇಲೆ ಗುಮಾಸ್ತರು, ಮೇಷ್ಟ್ರುಗಳು, ಕಾರ್ಖಾನೆಯ ಕೆಲಸಗಾರರು ಗ್ಯಾರೇಜಿನಲ್ಲಿ, ಹಿತ್ತಲಲ್ಲಿ ದೋಣಿ ಹೊಲಿದರು. ಇಲ್ಲಿಯವರೆಗೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಿರರ್‌ಗಳು ತಯಾರಾಗಿವೆ.

ಇದು ಸಾಧ್ಯವಾದದ್ದು ಹೇಗೆ? ಯುರೋಪಿನ ಬಡಗಿಗಳ ರೂಢಿಯ ಕ್ರಮದಲ್ಲಿ ಮೊದಲು ದೋಣಿಯ ಬೆನ್ನೆಲುಬು, ಪಕ್ಕೆಲುಬುಗಳನ್ನು ಕಟ್ಟಿ, ಆಮೇಲೆ ಅವುಗಳ ಮೇಲೆ ಹಲಗೆ ಬಗ್ಗಿಸಿ ಹೊಡೆಯುತ್ತಾರೆ. ಆಕಾರ ಇರುವುದು ಪಕ್ಕೆಲುಬಿನಲ್ಲಿ. ಅದನ್ನು ತಪ್ಪಿಲ್ಲದೆ ಕಡೆಯಲು ವರ್ಷಗಳ ಅನುಭವ ಬೇಕು. ಹೊಲಿಯುವ ಕ್ರಮದಲ್ಲಿ ಆಕಾರ ಇರುವುದು ಹಲಗೆಯ ಅಂಚಿನಲ್ಲಿ. ನಕ್ಷೆಯಲ್ಲಿ ಕೊಟ್ಟ ಅಳತೆಯಂತೆ ಅಂಚನ್ನು ಬಾಗುಬಾಗಾಗಿ ಕತ್ತರಿಸಿ, ಎರಡು ಹಲಗೆಗಳ ಅಂಚನ್ನು ಸೇರಿಸಿ ಹೊಲಿದರೆ, ನೆಲದ ಮೇಲೆ ಚಪ್ಪಟೆಯಾಗಿದ್ದದ್ದು ತಾನಾಗಿ ಮೇಲೆದ್ದು ದೋಣಿಯಾಗುತ್ತದೆ. ದರ್ಜಿ ಬಟ್ಟೆ ಕತ್ತರಿಸುವುದೂ ಹೀಗೇ ಅಲ್ಲವೆ? ಮೇಜಿನ ಮೇಲೆ ಮಟ್ಟಸವಾಗಿ ಬಿದ್ದಿದ್ದ ತುಂಡುಗಳು ಹೊಲಿಗೆ ಬಿದ್ದ ಮೇಲೆ ಹೆಗಲು, ಕಂಕುಳು, ಎದೆಯಾಗುತ್ತವೆ. ಅಪ್ಪ ತಮಾಷೆಗೆ ಹೇಳಿದ್ದು ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ನಾನು ಮಾಡುತ್ತಿದ್ದದ್ದು ಅಂಗಿಯೇ.

ಕಯಾಕಿನ ಮಟ್ಟಿಗಂತೂ ಈ ಹೋಲಿಕೆ ಇನ್ನೂ ಹತ್ತಿರದ್ದು. ಆ ಮಾತು ಉತ್ತರ ಧ್ರುವದಂಚಿನ ಇನುಯಿಟ್ ಜನರದು. ಗ್ರೀನ್‌ಲ್ಯಾಂಡಿನಲ್ಲಿ ಬೇಟೆಗಾರ ತನ್ನ ಕಯಾಕನ್ನು ತನ್ನ ಮೈಯಳತೆಗೆ ಕಟ್ಟಿಕೊಳ್ಳುತ್ತಿದ್ದ. ಉದ್ದಕ್ಕೆ ಚಾಚಿದ ತೋಳುಗಳ ಅಳತೆ, ಅಗಲಕ್ಕೆ ಸೊಂಟ ಮತ್ತು ಮುಷ್ಟಿಯ ಅಳತೆ. ಮರ ಬೆಳೆಯದ ನಾಡು, ಹಾಗಾಗಿ ಚೌಕಟ್ಟಿಗೆ ಸಮುದ್ರ ತಂದು ಹಾಕಿದ ತೇಲುಮರವೇ ಗತಿ. ಅದರ ಮೇಲೆ ಸೀಲ್ ಪ್ರಾಣಿಯ ಚರ್ಮದ ಹೊದಿಕೆ. ಆ ಚರ್ಮವನ್ನು ಪ್ರಾಣಿಯ ನರದ ದಾರದಿಂದ, ನೀರು ಒಳಬರದಂತೆ ಹೊಲಿಯುತ್ತಿದ್ದವರು ಹೆಂಗಸರು. ಹೊಲಿಗೆ ಬಿಟ್ಟರೆ ಗಂಡ ಮನೆಗೆ ಬರುವಂತಿರಲಿಲ್ಲ.

ನಮ್ಮ ಕಡಲಿಗೆ ಬಂದರೆ ಹೊಲಿಗೆಯ ಕಥೆ ಬಹಳ ದೊಡ್ಡದು. ಅರಬ್ಬಿ ಸಮುದ್ರದಲ್ಲಿ ನೂರಾರು ವರ್ಷ ಓಡಾಡಿದ ಹಡಗುಗಳ ಹಲಗೆಗಳನ್ನು ಹಿಡಿದಿಟ್ಟದ್ದು ತೆಂಗಿನ ಕತ್ತದ ಹಗ್ಗ. 1183ರಲ್ಲಿ ಪ್ರಯಾಣ ಹೊರಟ ಇಬ್ನ್ ಜುಬೈರ್ ಕೆಂಪು ಸಮುದ್ರದ ದಡದಲ್ಲಿ ಕಂಡ ಹಡಗುಗಳನ್ನು ವರ್ಣಿಸಿದ್ದಾನೆ: ಒಂದೂ ಮೊಳೆಯಿಲ್ಲ, ತೆಂಗಿನ ನಾರಿನ ಹೊಲಿಗೆ, ಮೇಲೆ ಹರಳೆಣ್ಣೆ ಅಥವಾ ಶಾರ್ಕ್ ಮೀನಿನ ಎಣ್ಣೆಯ ಲೇಪ. ಮರ ಬರುತ್ತಿದ್ದದ್ದು ಭಾರತದಿಂದ ಮತ್ತು ಯೆಮೆನ್‌ನಿಂದ. ನೂರು ವರ್ಷದ ನಂತರ ಹೋರ್ಮುಜ್‌ನಲ್ಲಿ ಅಂಥದೇ ಹಡಗು ಕಂಡ ಮಾರ್ಕೊ ಪೋಲೊಗೆ ಅದು ಹಿಡಿಸಲಿಲ್ಲ. ಕಬ್ಬಿಣವಿಲ್ಲದ ಕೆಟ್ಟ ಹಡಗುಗಳು, ಎಷ್ಟೋ ಮುಳುಗುತ್ತವೆ ಎಂದು ಬರೆದ. ಧಾರಾ ನಗರದ ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ಇನ್ನೊಂದು ಕಾರಣ ಕೊಡುತ್ತದೆ: ಕಡಲಿನ ಸೂಜಿಗಲ್ಲಿನ ಬಂಡೆಗಳು ಕಬ್ಬಿಣವನ್ನು ಸೆಳೆಯುತ್ತವೆ, ಆದ್ದರಿಂದ ಸಮುದ್ರಕ್ಕೆ ಹೋಗುವ ಹಡಗಿನಲ್ಲಿ ಕಬ್ಬಿಣ ಬಳಸಬಾರದು.

ಸೂಜಿಗಲ್ಲಿನ ಬಂಡೆ ಕಥೆಯಿರಬಹುದು, ಹೊಲಿಗೆಗೆ ಇದ್ದ ನಿಜವಾದ ಕಾರಣ ನಾನಿರುವ ಚೆನ್ನೈಯ ತೀರದಲ್ಲೇ ಇದೆ. ಈ ಊರಿಗೆ ಸಹಜ ಬಂದರು ಇಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಕೃತಕ ಬಂದರು ಕಟ್ಟುವವರೆಗೆ ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು. ಸಾಲುಸಾಲಾಗಿ ಒಡೆಯುವ ಅಲೆಗಳನ್ನು ದಾಟಿ ಜನರನ್ನೂ ಸರಕನ್ನೂ ದಡಕ್ಕೆ ತರುತ್ತಿದ್ದದ್ದು ಮಸೂಲಾ ಎಂಬ ಎತ್ತರದ ಬದಿಗಳ ದೋಣಿ. ಅದಕ್ಕೆ ಪಕ್ಕೆಲುಬಿಲ್ಲ, ಮೊಳೆಯಿಲ್ಲ, ಹಲಗೆಗೆ ಹಲಗೆ ಕತ್ತದಲ್ಲಿ ಹೊಲಿದದ್ದು. ಯುರೋಪಿನ ಗಟ್ಟಿ ದೋಣಿಗಳು ಈ ಅಲೆಗೆ ಸಿಕ್ಕಿ ಮರಳಿಗೆ ಬಡಿದು ಒಡೆಯುತ್ತಿದ್ದವು. ಮಸೂಲಾ ಬಳುಕಿ ಉಳಿಯುತ್ತಿತ್ತು. ಎಂ.ಟೆಕ್.ನಲ್ಲಿ ಕಟ್ಟಡಗಳ ಜೋಡಣೆಯ ಬಗ್ಗೆ ಓದಿದವನಿಗೆ ಇದು ತಕ್ಷಣ ಅರ್ಥವಾಗುತ್ತದೆ. ಮೊಳೆ ಹೊಡೆದಲ್ಲಿ ಹೊಡೆತದ ಭಾರವೆಲ್ಲ ಆ ಒಂದೊಂದು ಬಿಂದುವಿನ ಮೇಲೆ ಬಿದ್ದು ಮರ ಸೀಳುತ್ತದೆ. ಹೊಲಿಗೆ ಅದೇ ಭಾರವನ್ನು ಅಂಚಿನುದ್ದಕ್ಕೂ ಹಂಚುತ್ತದೆ. ಹಾಗೆಂದು ಮಾರ್ಕೊ ಪೋಲೊ ಪೂರ್ತಿ ಸುಳ್ಳು ಹೇಳಿದನೆಂದೂ ಅಲ್ಲ. ಹೊಲಿದ ಹಡಗಿನಲ್ಲಿ ನೀರು ಜಿನುಗುತ್ತದೆ, ಮೊಗೆಯುತ್ತಿರಬೇಕು. ಹಗ್ಗ ಸವೆದಂತೆ ಬಿಚ್ಚಿ ಮತ್ತೆ ಹೊಲಿಯಬೇಕು.

ಪೋರ್ಚುಗೀಸರು ಬಂದ ಮೇಲಿನ ಶತಮಾನಗಳಲ್ಲಿ ಪಶ್ಚಿಮ ಕರಾವಳಿಯ ದೊಡ್ಡ ಹಡಗುಗಳಿಗೆ ನಿಧಾನವಾಗಿ ಕಬ್ಬಿಣದ ಮೊಳೆ ಬಂತು. ಹೊಲಿಗೆ ಸಣ್ಣ ದೋಣಿಗಳಿಗೆ, ದ್ವೀಪಗಳಿಗೆ ಸರಿಯಿತು. ನಮ್ಮಪ್ಪನ ಕಾಲಕ್ಕೆ ಗಂಗೊಳ್ಳಿಯಲ್ಲಿ ಅದು ನಗುವ ಮಾತಾಗಿತ್ತು.

ಇಂಗ್ಲೆಂಡಿನ ಶಿಕ್ಷಕರ ಹೊಲಿಗೆಯೂ ಕತ್ತದ ಹೊಲಿಗೆಯೂ ಒಂದೇ ವಂಶದವು ಎಂದು ನಾನು ಹೇಳುತ್ತಿಲ್ಲ. ಎರಡಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ನನ್ನ ತಾಮ್ರದ ತಂತಿ ದರ್ಜಿಯ ಕಚ್ಚಾ ಹೊಲಿಗೆಯಿದ್ದಂತೆ. ಸಂದಿಗೆ ಮರದ ಹುಡಿ ಕಲಸಿದ ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ತಂತಿಯನ್ನು ಕತ್ತರಿಸಿ ಎಳೆದು ಎಸೆಯುತ್ತೇವೆ. ಮೇಲೆ ಫೈಬರ್‌ಗ್ಲಾಸ್ ಪಟ್ಟಿ ಬೀಳುತ್ತದೆ. ದೋಣಿಯನ್ನು ಹಿಡಿದಿಡುವುದು ಅಂಟು. ಅದು ಬಳುಕುವುದಿಲ್ಲ. ಕತ್ತದ ದೋಣಿಯಲ್ಲಿ ಹೊಲಿಗೆಯೇ ದೋಣಿಯ ಜೀವ.

ಎರಡನೆಯ ವ್ಯತ್ಯಾಸ ನನ್ನನ್ನು ಹೆಚ್ಚು ಕಾಡಿತು. ನಮ್ಮ ಐ.ಟಿ. ಕಚೇರಿಗಳಲ್ಲಿ ಯಾರಾದರೂ ಕೆಲಸ ಬಿಟ್ಟು ಹೊರಟರೆ ‘ಕೆಟಿ’ ಎಂಬ ಶಾಸ್ತ್ರ ನಡೆಯುತ್ತದೆ. ಹೋಗುವವರು ತಮಗೆ ಗೊತ್ತಿದ್ದುದನ್ನು ಬರುವವರಿಗೆ ಬರೆದುಕೊಟ್ಟು ಹೋಗಬೇಕು. ಇಪ್ಪತ್ತು ವರ್ಷ ಇಂಥ ದಾಖಲೆಗಳಿಗೆ ಸಹಿ ಹಾಕಿದ ನಾನು ಒಂದು ಮಾತು ಬಲ್ಲೆ: ಬರೆದದ್ದು ಉಳಿಯುತ್ತದೆ, ಬರೆಯಲಾಗದ್ದು ಆ ಮನುಷ್ಯನ ಜೊತೆ ಲಿಫ್ಟ್ ಹತ್ತಿ ಹೋಗುತ್ತದೆ. ಮಿರರ್ ದೋಣಿಯ ಗೆಲುವು ಅದು ಪೂರ್ತಿ ಕಾಗದದ ಮೇಲೆ ಬಂದುದರಲ್ಲಿದೆ. ಆ ನಕ್ಷೆಯ ಬಲದಿಂದಲೇ, ಉಳಿ ಹಿಡಿದು ಗೊತ್ತಿಲ್ಲದ ನಾನೂ ಕಯಾಕ್ ಮಾಡಿದೆ. ಕತ್ತದ ಹೊಲಿಗೆ ಕಾಗದಕ್ಕೆ ಬಂದಿರಲಿಲ್ಲ. ಹಲಗೆಯ ಒಳಗೊಬ್ಬ ಹೊರಗೊಬ್ಬ ಕೂತು, ಒಂದೇ ತೂತಿನಲ್ಲಿ ಹಗ್ಗ ಕೊಟ್ಟು ತೆಗೆದುಕೊಂಡು ಬಿಗಿಯುವ ಕೆಲಸ ಅದು. ಎಷ್ಟು ಬಿಗಿದರೆ ಹಗ್ಗ ಕಡಿಯದೆ ಸಂದಿ ಮುಚ್ಚುತ್ತದೆ ಎಂಬುದು ಆ ಇಬ್ಬರ ಕೈಗಷ್ಟೇ ಗೊತ್ತು.

ಹಾಗಾಗಿಯೇ 1980ರಲ್ಲಿ ಟಿಮ್ ಸೆವೆರಿನ್ ಒಮಾನಿನ ಸೂರ್ ಪಟ್ಟಣದಲ್ಲಿ ‘ಸೊಹಾರ್’ ಎಂಬ ಹೊಲಿದ ಹಡಗು ಕಟ್ಟಿಸಿದಾಗ, ಮರವನ್ನು ಮಲಬಾರಿನಿಂದ ತರಿಸಿದ್ದಲ್ಲದೆ ಹೊಲಿಯುವವರನ್ನೂ ಲಕ್ಷದ್ವೀಪದಿಂದ ಕರೆಸಬೇಕಾಯಿತು. ಆ ಹಡಗು ಮಸ್ಕತ್‌ನಿಂದ ಹೊರಟು 1981ರ ಜುಲೈನಲ್ಲಿ ಚೀನಾ ಮುಟ್ಟಿತು. ನಮ್ಮ ನೌಕಾಪಡೆಗೂ ಇದೇ ತೊಡಕು ಎದುರಾಯಿತು. ಅಜಂತಾದ ಐದನೇ ಶತಮಾನದ ವರ್ಣಚಿತ್ರವೊಂದರಲ್ಲಿರುವ ಹಡಗನ್ನು ಮತ್ತೆ ಕಟ್ಟಲು 2023ರಲ್ಲಿ ಗೋವಾದಲ್ಲಿ ಕೆಲಸ ಶುರುವಾಯಿತು. ನಕ್ಷೆ ಇರಲಿಲ್ಲ. ಚಿತ್ರ ನೋಡಿ ಆಕಾರ ಊಹಿಸಿ, ಇದೇ ಚೆನ್ನೈಯ ಐಐಟಿಯಲ್ಲಿ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಿದರು. ಆದರೆ ಹೊಲಿಯಲು ಕೇರಳದ ಕುಶಲಕರ್ಮಿಗಳೇ ಬೇಕಾದರು. ಮುಖ್ಯ ಬಡಗಿ ಬಾಬು ಶಂಕರನ್ ಅವರ ತಂಡ ಕೈಯಿಂದಲೇ ಸಾವಿರಾರು ಹೊಲಿಗೆ ಹಾಕಿತು.

ಆ ಹಡಗು 2025ರ ಮೇ 21ರಂದು ಕಾರವಾರದಲ್ಲಿ ‘ಐಎನ್‌ಎಸ್‌ವಿ ಕೌಂಡಿನ್ಯ’ ಎಂಬ ಹೆಸರಿನಲ್ಲಿ ನೌಕಾಪಡೆಗೆ ಸೇರಿತು. ಅಪ್ಪ ಇನ್ನೂ ನಮ್ಮ ಮನೆಯಲ್ಲೇ ಇದ್ದರು. ಟಿ.ವಿ.ಯಲ್ಲಿ ಸುದ್ದಿ ಬಂದಾಗ ಕೆಳಗೆ ಎಪಾಕ್ಸಿ ಕಲಸುತ್ತಿದ್ದ ನನ್ನನ್ನು ಮೊಮ್ಮಗಳ ಕೈಲಿ ಕರೆಸಿದರು. ನಾನು ಮೇಲೆ ಹೋಗಿ ಬರುವಷ್ಟರಲ್ಲಿ ಚೆನ್ನೈಯ ಸೆಕೆಗೆ ಎಪಾಕ್ಸಿ ಡಬ್ಬಿಯಲ್ಲೇ ಕಾದು, ಹೊಗೆಯೆದ್ದು, ಕಲ್ಲಾಗಿತ್ತು. ಇಂಥ ಸೆಕೆಗೆ ಒಮ್ಮೆಗೆ ಎಷ್ಟು ಕಲಸಬೇಕೆಂದು ನನ್ನ ನಕ್ಷೆಯಲ್ಲಿರಲಿಲ್ಲ. ಅಪ್ಪನಿಗೆ ಅದರ ಚಿಂತೆಯಿರಲಿಲ್ಲ. “ಕಾಣ್ ಮಗಾ, ಅವ್ರೂ ಹೊಲ್ದೇ ಮಾಡಿದ್ದಂಬ್ರ್” ಎಂದರು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದು, ತಮ್ಮ ಅಜ್ಜ ಹೊಳೆಯ ಬದಿಯಲ್ಲಿ ಹಸಿ ತೆಂಗಿನ ಸಿಪ್ಪೆ ಹೂತು, ತಿಂಗಳುಗಟ್ಟಲೆ ಕೊಳೆಸಿ, ಬಡಿದು ಕತ್ತ ತೆಗೆಯುತ್ತಿದ್ದುದನ್ನು ಹೇಳಿದರು. ಅದು ಯಾತಕ್ಕೆ ಹೋಗುತ್ತಿತ್ತೆಂದು ಕೇಳಿದೆ. “ಹಗ್ಗಕ್ಕೆ” ಎಂದರು. ಹಗ್ಗ ಯಾತಕ್ಕೆ ಎಂದು ಅವರೂ ತಮ್ಮ ಅಜ್ಜನನ್ನು ಕೇಳಿರಲಿಲ್ಲ.

ನನ್ನ ಕಯಾಕ್ ಆಗಸ್ಟಿನಲ್ಲಿ ಮುಟ್ಟುಕಾಡಿನ ಹಿನ್ನೀರಿಗೆ ಇಳಿಯಿತು. ತೂಕ ಇಪ್ಪತ್ತೆರಡು ಕಿಲೋ, ಸ್ವಲ್ಪ ಎಡಕ್ಕೆ ವಾಲುತ್ತದೆ, ನೀರು ಬರುವುದಿಲ್ಲ. ಡಿಸೆಂಬರ್ 29ರಂದು ಕೌಂಡಿನ್ಯ ಪೋರಬಂದರಿನಿಂದ ಮಸ್ಕತ್ ಕಡೆಗೆ ಹಾಯಿ ಬಿಚ್ಚಿದ ಸುದ್ದಿ ಓದಿ ಊರಿಗೆ ಫೋನ್ ಮಾಡಿದೆ. ಈ ಸಲ ಫೋನಿನ ರೆಕಾರ್ಡರ್ ಹಾಕಿಕೊಂಡೇ, ಸಿಪ್ಪೆಯನ್ನು ಎಷ್ಟು ದಿನ ಹೂಳುತ್ತಿದ್ದರು, ಉಪ್ಪು ನೀರಲ್ಲೋ ಸಿಹಿ ನೀರಲ್ಲೋ ಎಂದು ಅಪ್ಪನನ್ನು ಕೇಳಿದೆ. ಅವರಿಗೆ ನೆನಪಿದ್ದಷ್ಟು ಹೇಳಿದರು. ಅದು ಹನ್ನೊಂದು ನಿಮಿಷವಿದೆ.